ಹನ್ನೊಂದು ದಿನ

ನಾನು ವೆಸ್ಟಾ ಆಲಿ.
ಮೇನ್ ರಾಜ್ಯದ ಕಟ್ಟಕಡೆಯ ಮೂಲೆ. ಮಂಜು ಬಿದ್ದರೆ
ಕಡಲೆಲ್ಲಿ, ರಸ್ತೆಯೆಲ್ಲಿ
ಮೂಗೇ ಹೇಳಬೇಕು.
ಲಾಬ್‌ಸ್ಟರ್ ಬೋನಿಗೆ ಇಡುವ ಉಪ್ಪುಹೆರಿಂಗ್
ಪೀಪಾಯಿಗಟ್ಟಲೆ ಮಾರುತ್ತೇನೆ.
ಅದರ ಜೊತೆಗೆ ನೋಟರಿ.

ಪಾದ್ರಿ ಬೇಡ ಎಂದವರು,
ಪಾದ್ರಿಯೇ ಬೇಡ ಎಂದು ಕಳಿಸಿದವರು,
ಜಡ್ಜಿನ ತಾರೀಖಿಗೆ ಕಾದು ಬೇಸತ್ತವರು
ಬರುತ್ತಾರೆ ನನ್ನ ಬಾಗಿಲಿಗೆ.
ದೋಣಿ ಮಾರಿದ ಪತ್ರಕ್ಕೆ ಯಾವ ಮುದ್ರೆಯೋ
ಮದುವೆಗೂ ಅದೇ. ಗಾಳಗಳ ಡಬ್ಬಿಯಲ್ಲಿ
ಒರೆಸಿ ಇಟ್ಟಿರುತ್ತೇನೆ.

ಹಡಗಿನ ಕಪ್ತಾನ ಮದುವೆ ಮಾಡಿಸಬಹುದಲ್ಲ
ಎಂದು ಕೇಳುವವರು ವರ್ಷಕ್ಕೆ ನಾಲ್ವರಾದರೂ ಇದ್ದಾರೆ.
ಆಗುವುದಿಲ್ಲ. ನಮ್ಮಣ್ಣ ಕಪ್ತಾನ.
ಯಾರಿಗೂ ಮಾಡಿಸಿಲ್ಲ,
ತನಗೂ ಸರಿಯಾಗಿ ಮಾಡಿಕೊಳ್ಳಲಿಲ್ಲ.

ಏಳು ವರ್ಷಕ್ಕೊಮ್ಮೆ ಅಧಿಕಾರ ಹೊಸದಾಗಬೇಕು.
ಸರ್ಕಾರದ ಲಕೋಟೆ ಬಂದಿತ್ತು, ಇಲ್ಲವೆನ್ನುವುದಿಲ್ಲ;
ಐಸ್‌ಪೆಟ್ಟಿಗೆಯ ಕೆಳಗೆ ಜಾರಿ ಬಿದ್ದಿತ್ತು.
ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಮುಗಿಯಿತು,
ಅಕ್ಟೋಬರ್ ಏಳಕ್ಕೆ ಮತ್ತೆ ಶುರು.
ನಡುವೆ ಹನ್ನೊಂದು ದಿನ
ನಾನು ಬರೀ ಮೀನಿನ ಹೆಂಗಸು.

ಆ ಹನ್ನೊಂದರಲ್ಲಿ ಒಂದೇ ಮದುವೆ.
ಆರಿನ್ ಲುಕ್, ಎಪ್ಪತ್ತೊಂದು.
ಲೆನೋರಾ ಬೀಲ್, ಅರವತ್ತೆಂಟು.
ಹತ್ತೊಂಬತ್ತು ವರ್ಷದಿಂದ ಒಂದೇ ಮನೆ;
ಕೆಮ್ಮು ಬಂದು, ಡಾಕ್ಟರು ಮಾತು ಕಡಿಮೆ ಮಾಡಿದ ಮೇಲೆ
ಅವನಿಗೆ ಮದುವೆ ನೆನಪಾಯಿತು.
ಧಕ್ಕೆಯ ಮೇಲೆ, ಇಳಿತದ ಹೊತ್ತಿಗೆ,
ಅಪ್ಪನ ಕೋಟು ಹಾಕಿ ಅವನು, ರಬ್ಬರ್ ಬೂಟಿನಲ್ಲಿ ಅವಳು.
ಬೋನು ಇಳಿಸುತ್ತಿದ್ದ ಇಬ್ಬರು ಹುಡುಗರು ಸಾಕ್ಷಿ,
ಕೈಗವಸು ಬಿಚ್ಚಲೂ ಮರೆತಿದ್ದರು.

ಮಾರ್ಚಿನಲ್ಲಿ ಆರಿನ್ ಹೋದ.
ಏಪ್ರಿಲಿನಲ್ಲಿ ಅಗಸ್ಟಾದಿಂದ ಪತ್ರ:
ಸದರಿ ದಿನಾಂಕದಂದು ವಿವಾಹ ನೆರವೇರಿಸಿದವರಿಗೆ
ಅಧಿಕಾರವಿದ್ದುದು ಕಂಡುಬರುವುದಿಲ್ಲ.

ನಾನೇ ಕಾರು ಓಡಿಸಿಕೊಂಡು ಹೋದೆ.
ಮೂರು ಗಂಟೆ. ಕ್ಷಮಿಸು ಎನ್ನಲು ಹೊರಟಾಗಲೆಲ್ಲ
ಅವಳು ಕಿಟಕಿ ಇಳಿಸಿದಳು; ಕಾರೆಲ್ಲ ಹೆರಿಂಗ್ ವಾಸನೆ.

ಮೇಜಿನಾಚೆ ಇದ್ದ ಹುಡುಗ ಒಳ್ಳೆಯವನು.
ಕಾನೂನಿಗೂ ಒಂದು ಕಿಂಡಿ ಉಂಟು ಎಂದು ಓದಿದ:
ಮಾಡಿಸಿದವರಿಗೆ ಅಧಿಕಾರವಿಲ್ಲದಿದ್ದರೂ
ಮದುವೆಯಾದವರಲ್ಲಿ ಒಬ್ಬರಿಗಾದರೂ
ತಾವು ಗಂಡಹೆಂಡತಿ ಎಂಬ ಪೂರ್ಣ ನಂಬಿಕೆ ಇದ್ದಲ್ಲಿ
ಮದುವೆ ಮದುವೆಯೇ.
‘ನಿಮಗೆ ಇತ್ತಲ್ಲವೇ, ಅಮ್ಮಾ?’

ಹೂಂ ಅಂದರೆ ಮುಗಿಯುತ್ತಿತ್ತು.
ಅವಳ ಮೊಣಕಾಲನ್ನು ನನ್ನ ಮೊಣಕಾಲಿನಿಂದ ತಿವಿದೆ.

‘ಇರಲಿಲ್ಲ’ ಅಂದಳು ಲೆನೋರಾ.
‘ಅದೇ ಒಲೆ, ಅದೇ ಹಾಸಿಗೆ, ಅದೇ ಕೆಮ್ಮು.
ಒಂದು ಮುದ್ರೆಯಿಂದ ಏನಾದೀತು?
ನಗು ತಡೆದುಕೊಂಡು ನಿಂತಿದ್ದೆ.’

ಹುಡುಗನ ಬೆರಳು ಕೀಲಿಮಣೆಯ ಮೇಲೇ ನಿಂತವು.

‘ಅವನಿಗಿತ್ತು’ ಅಂದಳು.
‘ಮಾರನೆಯ ಬೆಳಿಗ್ಗೆ ದೋಣಿಯ ರೇಡಿಯೋದಲ್ಲಿ
ಕೊಲ್ಲಿಗೆಲ್ಲ ಕೇಳುವಂತೆ ಹೇಳಿದ:
ಇವತ್ತು ಬುತ್ತಿ ಕಟ್ಟಿದ್ದು ನನ್ನ ಹೆಂಡತಿ ಅಂತ.
ಅದೇ ಬುತ್ತಿ, ಹತ್ತೊಂಬತ್ತು ವರ್ಷದಿಂದ.
ಟಪಾಲು ಡಬ್ಬಿಗೆ ನನ್ನ ಹೆಸರು ಬಳಿದ,
ಕೆಂಪು ಬಣ್ಣದಲ್ಲಿ, ಸೊಟ್ಟ.
ಬಣ್ಣ ಒಣಗುವ ತನಕ
ಚಳಿಯಲ್ಲಿ ಕಾದು ಕೂತಿದ್ದ, ಪೆದ್ದ.’

ಒಬ್ಬರು, ಎಂದು ಬರೆದುಕೊಂಡ ಹುಡುಗ.
ಸಾಕು.

ಬರುವಾಗ ಬ್ಯಾಂಗೋರಿನಲ್ಲಿ ಪೆಟ್ರೋಲು ಹಾಕಿಸಿದೆವು.
ದುಡ್ಡು ತಾನೇ ಕೊಡುತ್ತೇನೆಂದು ಹಟ ಹಿಡಿದಳು.
ರಸೀದಿಯ ಮೇಲೆ ಸಹಿ: ಬೀಲ್ ಎಂದು ಬರೆದು
ತುಸು ನಿಂತು, ಅಡ್ಡ ಗೀಟೆಳೆದು,
ಪಕ್ಕದಲ್ಲಿ ಲುಕ್.

ಸಹಿ ಹಾಕಿದ್ದನ್ನು ಕಣ್ಣಾರೆ ಕಂಡೆ ಎನ್ನುವುದೇ
ನೋಟರಿಯ ಕೆಲಸ.
ಕಂಡೆ.
ಅವತ್ತು ನನಗೆ ಅಧಿಕಾರವಿತ್ತು.